ಮೊದಲು ಚಕ್ರ, ಕೊನೆಗೆ ಇಂಜಿನ್

ಇವತ್ತಿನ ಮಾತು ಒಂದು ಲಾರಿಯ ಬಗ್ಗೆ. ಉದ್ದ ಅರ್ಧ ಮೀಟರಿನ ಆಸುಪಾಸು, ತೂಕ ನಾಲ್ಕೈದು ಕೆಜಿ. ಓಡಿಸುವವನು ಅದರೊಳಗೆ ಕೂರುವುದಿಲ್ಲ, ಮೈದಾನದ ಅಂಚಿನಲ್ಲಿ ರಿಮೋಟ್ ಹಿಡಿದು ನಿಂತಿರುತ್ತಾನೆ. ಜಾತ್ರೆಯಲ್ಲಿ ಸಿಗುವ ಬ್ಯಾಟರಿ ಆಟಿಕೆ ಅಂತ ತಿಳಿಯಬೇಡಿ. ಇದರ ಹೊಟ್ಟೆಯಲ್ಲಿ ಉರಿಯುವ ಇಂಜಿನ್ ಇದೆ. ಸಿಲಿಂಡರು, ಪಿಸ್ಟನ್ನು, ಕಾರ್ಬುರೇಟರು, ಕ್ಲಚ್ಚು, ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಸೈಲೆನ್ಸರು, ರಸ್ತೆಯ ಮೇಲಿನ ಲಾರಿಗೆ ಇರುವುದೆಲ್ಲ ಇದಕ್ಕೂ ಉಂಟು. ಹವ್ಯಾಸಿಗಳ ಬಳಗದಲ್ಲಿ ಇದನ್ನು ನೈಟ್ರೋ ಟ್ರಕ್ ಅನ್ನುತ್ತಾರೆ, ಇಂಧನದಲ್ಲಿ ನೈಟ್ರೋಮೀಥೇನ್ ಬೆರೆತಿರುವುದರಿಂದ.

ಈ ವರ್ಗದ ಗಾಡಿಗಳಿಗೆ ದೊಡ್ಡ ಹೆಸರು ತಂದುಕೊಟ್ಟದ್ದು ಟಿ-ಮ್ಯಾಕ್ಸ್. ಅಮೆರಿಕದ ಟೆಕ್ಸಸ್ ರಾಜ್ಯದ ಟ್ರಾಕ್ಸಸ್ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟದ್ದು 1999ರಲ್ಲಿ. ನಾಲ್ಕು ಚಕ್ರಕ್ಕೂ ಎಳೆತ, ಎರಡು ಸ್ಪೀಡಿನ ಗೇರ್‌ಬಾಕ್ಸು, ಅದರ ಮೇಲೆ ರಿವರ್ಸು ಬೇರೆ. ಇಂಜಿನ್ 2.5 ಸಿಸಿ, ಅಂದರೆ ಅರ್ಧ ಚಹಾ ಚಮಚದಷ್ಟು ಜಾಗ. 2002ರ ಹೊತ್ತಿಗೆ ಎಚ್‌ಪಿಐ ಕಂಪನಿಯ ಸ್ಯಾವೇಜ್ ಎಂಬ ಟ್ರಕ್ಕು 3.5 ಸಿಸಿ ಇಂಜಿನ್ ಹೊತ್ತು ಪೈಪೋಟಿಗೆ ಇಳಿಯಿತು. ಟಿ-ಮ್ಯಾಕ್ಸ್ ಕೂಡ ಮುಂದೆ 3.3 ಸಿಸಿಗೆ ಏರಿತು. ಇದರ ನಡುವೆ ಹಳೆಯ 2.5 ಸಿಸಿ ಗಾಡಿ ಇಟ್ಟುಕೊಂಡವರೆಲ್ಲರ ತಲೆಯಲ್ಲೂ ಒಂದೇ ಯೋಚನೆ: ಇದಕ್ಕೂ ದೊಡ್ಡ ಇಂಜಿನ್ ಕೂರಿಸಿದರೆ ಹೇಗೆ?

ಆ ಯೋಚನೆಗೆ ನನ್ನ ಉತ್ತರ ಇಷ್ಟೇ: ಕೂರಿಸಿ, ಆದರೆ ಕೊನೆಯಲ್ಲಿ. ಕೆಲಸವನ್ನು ಚಕ್ರದಿಂದ ಶುರು ಮಾಡಿ, ಒಂದೊಂದೇ ಭಾಗ ಗಟ್ಟಿ ಮಾಡಿಕೊಳ್ಳುತ್ತ ಇಂಜಿನ್ ಕಡೆಗೆ ಬನ್ನಿ. ಯಾಕೆ ಹೀಗೆ ಅನ್ನುವುದೇ ಇವತ್ತಿನ ಭಾಷಣ.

ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ತನ್ನ ಟ್ರಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ.

"ಅಂಕಲ್, ಇದಕ್ಕೆ ಮೂರೂವರೆ ಸಿಸಿ ಇಂಜಿನ್ ಕೂರುತ್ತಾ?"

"ಕೂರುತ್ತಪ್ಪಾ. ಮೊದ್ಲು ಹಿಂದಿನ ಚಕ್ರ ಹಿಡಿದು ಅಲ್ಲಾಡಿಸು."

ಅಲ್ಲಾಡಿಸಿದ. ಚಕ್ರ ಲಟಲಟ ಅಂತು. ನಾನು ನಡುವಿನ ಶಾಫ್ಟನ್ನು ಇಕ್ಕಳದಲ್ಲಿ ಹಿಡಿದುಕೊಂಡೆ.

"ಈಗ ಎರಡೂ ಚಕ್ರ ಒಟ್ಟಿಗೆ ಮುಂದಕ್ಕೆ ತಿರುಗಿಸು, ಜೋರಾಗಿ."

ತಿರುಗಿಸಿದ. ಒಳಗೆ ಕಟಕ್ ಅಂತ ಸದ್ದಾಯಿತು. ಇನ್ನೊಮ್ಮೆ ತಿರುಗಿಸಿದಾಗ ಇನ್ನೊಂದು ಕಟಕ್.

"ಅದೇನದು ಅಂಕಲ್?"

"ಹಲ್ಲು. ಇರೋ ಇಂಜಿನ್ನೇ ಹಲ್ಲು ಉದುರಿಸಿದೆ. ದೊಡ್ಡದು ಕೂರಿಸಿದ್ರೆ ದವಡೆನೇ ಹೋಗುತ್ತೆ."

ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಬಿಚ್ಚಿದೆವು. ಗ್ರೀಸು ಮಸಿಯಂತೆ ಕಪ್ಪಾಗಿತ್ತು. ಬೆರಳಲ್ಲಿ ತೀಡಿ ಬೆಳಕಿಗೆ ಹಿಡಿದರೆ ಅದರ ತುಂಬ ಲೋಹದ ಹೊಳಪು. ಕ್ರೌನ್ ಗೇರಿನ ಮೂರು ಹಲ್ಲುಗಳ ತುದಿ ಸವೆದು ದುಂಡಾಗಿತ್ತು, ಮಿಕ್ಕ ಹಲ್ಲುಗಳು ಹೊಸದರಂತೆಯೇ ಇದ್ದವು. ಕ್ರೌನಿಗೂ ಅದನ್ನು ತಿರುಗಿಸುವ ಪುಟ್ಟ ಗೇರಾದ ಪಿನಿಯನ್ನಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಉಳಿದಿತ್ತು. ಬಲ ಬಿದ್ದಾಗ ಎರಡೂ ಒಂದನ್ನೊಂದು ದೂರ ತಳ್ಳಿ, ಹಲ್ಲಿನ ಬುಡ ಹಿಡಿಯಬೇಕಾದಲ್ಲಿ ತುದಿ ಮಾತ್ರ ಹಿಡಿಯುತ್ತಿತ್ತು. ಬೇರಿಂಗ್ ಹಿಂದೆ 0.1 ಅಥವಾ 0.2 ಮಿಲಿಮೀಟರ್ ದಪ್ಪದ ಒಂದು ಶಿಮ್, ಅಂದರೆ ತೆಳ್ಳನೆಯ ಉಕ್ಕಿನ ಬಳೆ, ಹಾಕಿದ್ದರೆ ಈ ಗೇರು ಇನ್ನೂ ಬಹಳ ದಿನ ಬಾಳುತ್ತಿತ್ತು. ಕೆಲವೇ ರೂಪಾಯಿಯ ಬಳೆ ಕಾಯಬೇಕಾದ ಗೇರನ್ನು ಸಾವಿರಾರು ರೂಪಾಯಿಯ ಇಂಜಿನ್ ಕಾಯಲಾರದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕ ಸುಲಭದ್ದೇ, ಕಾಗದ ಪೆನ್ಸಿಲು ಬೇಕಿಲ್ಲ. ನಮ್ಮ ಇಂಜಿನ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತ ಒಂದು ಅಶ್ವಶಕ್ತಿ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟು ವೇಗದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟಿನ ತಿರುಚುಬಲ ಎಷ್ಟಿರಬಹುದು? 10 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಕಾಲು ಕೆಜಿ ತೂಕ ನೇತುಹಾಕಿದಷ್ಟು, ಅಷ್ಟೇ. ವೇಗ ವಿಪರೀತ, ತಿರುಚು ಕಡಿಮೆ. ಇಂಜಿನ್ 15 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವಂತೆ ಗೇರುಗಳನ್ನು ಜೋಡಿಸಿದ್ದರೆ ಚಕ್ರ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ. ಚಕ್ರದ ವ್ಯಾಸ 15 ಸೆಂಟಿಮೀಟರ್ ಇದ್ದರೆ ಗಾಡಿಯ ವೇಗ ಗಂಟೆಗೆ ಸುಮಾರು 56 ಕಿಲೋಮೀಟರ್. ವೇಗ 15 ಪಾಲು ಇಳಿದಾಗ ತಿರುಚುಬಲ ಅಷ್ಟೇ ಪಾಲು ಏರುತ್ತದೆ. ಸ್ಪ್ಯಾನರಿನ ತುದಿಯಲ್ಲಿ ಈಗ ಕಾಲು ಕೆಜಿಯ ಬದಲು ಮೂರೂವರೆ ಕೆಜಿಗೂ ಹೆಚ್ಚು ತೂಕ ಜೋತಾಡುತ್ತಿದೆ.

ಅಂದರೆ ಇಂಜಿನ್‌ನಿಂದ ದೂರ ಹೋದಷ್ಟೂ ಭಾಗಗಳ ಮೇಲೆ ಬೀಳುವ ತಿರುಚು ಹೆಚ್ಚು. ಅದರ ಮೇಲೆ ಇನ್ನೊಂದು ಏಟು ಹೊರಗಿನಿಂದ ಬರುತ್ತದೆ. ಇಂಥ ದೊಡ್ಡ ಚಕ್ರದ ಮಾನ್‌ಸ್ಟರ್ ಟ್ರಕ್ ಅಂದಮೇಲೆ ದಿಬ್ಬ ಹತ್ತಿಸಿ ಹಾರಿಸದೆ ಇರುವವರು ಯಾರು? ಗಾಳಿಯಲ್ಲಿದ್ದಾಗ ಥ್ರಾಟಲ್ ಒತ್ತಿಯೇ ಇದ್ದರೆ ಹಿಡಿತವಿಲ್ಲದ ಚಕ್ರಗಳು ಹುಚ್ಚುವೇಗದಲ್ಲಿ ಸುತ್ತುತ್ತವೆ. ನೆಲ ಮುಟ್ಟಿದ ಕ್ಷಣ ಒಮ್ಮೆಲೇ ಅವುಗಳ ವೇಗ ಕಡಿದುಹೋಗುತ್ತದೆ. ಆ ಏಟು ಚಕ್ರದಿಂದ ಅಚ್ಚಿಗೆ, ಅಚ್ಚಿನಿಂದ ಡಿಫರೆನ್ಷಿಯಲ್ಲಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಹಿಮ್ಮುಖವಾಗಿ ಓಡುತ್ತದೆ. ಒಳಗಿನಿಂದ ಬರುವ ತಿರುಚು, ಹೊರಗಿನಿಂದ ಬರುವ ಏಟು, ಎರಡೂ ಮೊದಲು ಎದುರಾಗುವುದು ಚಕ್ರದ ಪಕ್ಕದ ಭಾಗಗಳಲ್ಲಿ. ಅಲ್ಲಿಂದಲೇ ಯಾಕೆ ಶುರು ಮಾಡಬೇಕು ಅನ್ನುವುದಕ್ಕೆ ಇದೇ ಕಾರಣ.

ಹಾಗಾದರೆ ಮೊದಲನೆಯ ಕೆಲಸ ಬೇರಿಂಗು. ಅಗ್ಗದ ಗಾಡಿಗಳಲ್ಲಿ ಚಕ್ರದ ಬಳಿ ಕಂಚಿನ ಅಥವಾ ಪ್ಲಾಸ್ಟಿಕ್ಕಿನ ಬುಷ್ ಇರುತ್ತದೆ. ಅವನ್ನು ತೆಗೆದು ಬಾಲ್ ಬೇರಿಂಗ್ ಹಾಕಿದರೆ ಶಾಫ್ಟು ನೇರವಾಗಿ ನಿಲ್ಲುತ್ತದೆ, ತಿಕ್ಕಾಟದಲ್ಲಿ ಕಳೆದುಹೋಗುತ್ತಿದ್ದ ಶಕ್ತಿ ಚಕ್ರಕ್ಕೆ ಸಿಗುತ್ತದೆ. ಎರಡೂ ಪಕ್ಕ ರಬ್ಬರ್ ಸೀಲ್ ಇರುವ ಬೇರಿಂಗನ್ನೇ ಆರಿಸಿ. ನಮ್ಮ ಕೆಮ್ಮಣ್ಣಿನ ಧೂಳು ಟಾಲ್ಕಂ ಪೌಡರಿಗಿಂತ ನಯ, ಲೋಹದ ಮುಚ್ಚಳದ ಸಂದಿಯಲ್ಲಿ ಅದು ನುಸುಳಿ ಹೋಗುತ್ತದೆ. ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಸಲಕರಣೆ ಬೇಡ. ಬೇರಿಂಗಿನ ಒಳಬಳೆಯನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ಹೊರಬಳೆಯನ್ನು ನಿಧಾನ ತಿರುಗಿಸಿ. ಮರಳು ಅರೆದಂತೆ ಬೆರಳಿಗೆ ತಗುಲಿದರೆ ಎಸೆಯಿರಿ.

ಎರಡನೆಯದು ಅಚ್ಚಿನ ಶಾಫ್ಟು. ಟಿ-ಮ್ಯಾಕ್ಸ್‌ನ ಕಂಪನಿ ಶಾಫ್ಟುಗಳು ಒಂದರೊಳಗೊಂದು ಜಾರುವ ಪ್ಲಾಸ್ಟಿಕ್ ತುಂಡುಗಳು. ಮೂಲ ಇಂಜಿನ್ನಿಗೆ ಅವು ಸಾಲುತ್ತವೆ. ಬಲ ಹೆಚ್ಚಾದಾಗ ಅವು ತಿರುಚಿಕೊಳ್ಳುತ್ತವೆ, ಬಿಸಿಯಾಗುತ್ತವೆ, ಕೊನೆಗೆ ಕೀಲಿನಲ್ಲಿ ಕಿತ್ತು ಬರುತ್ತವೆ. ಇವುಗಳ ಬದಲು ಉಕ್ಕಿನ ಸಿವಿ ಶಾಫ್ಟು ಹಾಕುವುದು ಹಣಕ್ಕೆ ತಕ್ಕ ಕೆಲಸ. ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗಲೂ, ಚಕ್ರ ಪಕ್ಕಕ್ಕೆ ಹೊರಳುವಾಗಲೂ ಒಂದೇ ಸಮನೆ ತಿರುಗುವುದು ಈ ಕೀಲಿನ ಗುಣ.

ಮೂರನೆಯದು ಡಿಫರೆನ್ಷಿಯಲ್. ಶಿಮ್ ಹಾಕಿ ಕ್ರೌನ್-ಪಿನಿಯನ್ ಸರಿಯಾಗಿ ಹಲ್ಲು ಕಚ್ಚುವಂತೆ ಮಾಡುವುದು ಮೊದಲ ಹೆಜ್ಜೆ. ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಹೌಸಿಂಗು ಬಾಗುತ್ತಿದ್ದರೆ ಗಟ್ಟಿ ಹೌಸಿಂಗ್ ಹಾಕುವುದು ಎರಡನೆಯದು. ಒಳಗೆ ತುಂಬುವ ಸಿಲಿಕೋನ್ ಎಣ್ಣೆ ಮೂರನೆಯದು. ಈ ಎಣ್ಣೆಯ ದಪ್ಪವನ್ನು ಅಂಕಿಯಲ್ಲಿ ಅಳೆಯುತ್ತಾರೆ. ಅದೇ ಅಳತೆಯಲ್ಲಿ ನೀರಿನ ಅಂಕಿ ಸುಮಾರು 1. ಡಿಫರೆನ್ಷಿಯಲ್ಲಿಗೆ ಹಾಕುವ ಎಣ್ಣೆಗಳು 10,000, 30,000, 50,000 ಹೀಗೆ ಬರುತ್ತವೆ, ಬಾಟಲಿ ಮಗುಚಿದರೆ ಜೋನಿಬೆಲ್ಲಕ್ಕಿಂತ ನಿಧಾನ ಇಳಿಯುತ್ತವೆ. ಎಣ್ಣೆ ದಪ್ಪವಿದ್ದಷ್ಟೂ ಎರಡು ಚಕ್ರಗಳು ಜತೆಯಾಗಿ ತಿರುಗುತ್ತವೆ. ಒಂದು ಚಕ್ರ ನೆಲ ಬಿಟ್ಟಾಗ ಬಲವೆಲ್ಲ ಆ ಖಾಲಿ ಚಕ್ರಕ್ಕೇ ಹರಿದುಹೋಗುವುದು ತಪ್ಪುತ್ತದೆ. ಆದರೆ ತಿರುವಿನಲ್ಲಿ ಗಾಡಿ ಮೊಂಡು ಬೀಳುತ್ತದೆ. ಇದೊಂದು ಕೊಡು-ಕೊಳ್ಳುವ ವ್ಯವಹಾರ, ಮೈದಾನ ನೋಡಿ ತೀರ್ಮಾನಿಸಬೇಕು.

ಇಲ್ಲಿಂದ ಗೇರ್‌ಬಾಕ್ಸಿಗೆ ಬರೋಣ. ಟಿ-ಮ್ಯಾಕ್ಸ್ ಬಳಗದಲ್ಲಿ ಹೆಸರಾದ ಒಂದು ಬದಲಾವಣೆ ಏನನ್ನೂ ಸೇರಿಸುವುದಿಲ್ಲ, ಇರುವುದನ್ನು ತೆಗೆದುಹಾಕುತ್ತದೆ. ರಿವರ್ಸ್ ಗೇರನ್ನು ಪೂರ್ತಿ ಕಿತ್ತು ಗಾಡಿಯನ್ನು ಮುಂದಕ್ಕೆ ಮಾತ್ರ ಹೋಗುವಂತೆ ಮಾಡುವ ಕಿಟ್ ಅದು. ಕೊಂಡಾಗ ರಿವರ್ಸಿದೆ ಎಂದು ಬೀಗಿದವರೇ ಅದನ್ನು ತೆಗೆಸುತ್ತಾರೆ. ಕಾರಣ ಇದೆ. ರಿವರ್ಸಿಗೆಂದು ಒಳಗೆ ಹೆಚ್ಚು ಗೇರುಗಳು, ಅವನ್ನು ಸರಿಸಲು ಒಂದು ಫೋರ್ಕು, ಆ ಫೋರ್ಕಿಗೆ ಪ್ರತ್ಯೇಕ ಸರ್ವೋ ಮೋಟಾರು. ಹಿಂದೆ ಹೋಗದಿದ್ದಾಗಲೂ ಇವೆಲ್ಲದರ ತೂಕ ಗಾಡಿ ಹೊರಬೇಕು. ಗಾಡಿ ಓಡುತ್ತಿರುವಾಗಲೇ ಕೈತಪ್ಪಿ ರಿವರ್ಸ್ ಬಿದ್ದರಂತೂ ಹಲ್ಲುಗಳ ಕಥೆ ಮುಗಿಯಿತು. ತೆಗೆದುಹಾಕಿದಾಗ ಡಬ್ಬಿಯೊಳಗೆ ಅಗಲವಾದ, ಗಟ್ಟಿಯಾದ ಗೇರುಗಳಿಗೆ ಜಾಗವಾಗುತ್ತದೆ. ಗಾಡಿ ಗೋಡೆಗೆ ಸಿಕ್ಕಿಕೊಂಡರೆ ನೀವೇ ನಡೆದು ಹೋಗಿ ಎತ್ತಿ ಇಡಬೇಕು, ಅದೊಂದೇ ನಷ್ಟ.

ಈಗ ಒಂದು ಮುಖ್ಯ ಮಾತು. ಚಕ್ರದಿಂದ ಇಲ್ಲಿಯವರೆಗೆ ಎಲ್ಲವನ್ನೂ ಉಕ್ಕಿನದು ಮಾಡಿಬಿಟ್ಟೆವು ಅಂತ ಇಟ್ಟುಕೊಳ್ಳಿ. ಏಟು ಬಿದ್ದಾಗ ಅದು ಎಲ್ಲಿಗೆ ಹೋಗಬೇಕು? ಎಲ್ಲೂ ಹೋಗಲು ದಾರಿಯಿಲ್ಲದಿದ್ದರೆ ಅದು ಇಂಜಿನ್ನಿನ ಕನೆಕ್ಟಿಂಗ್ ರಾಡಿಗೆ ಹೋಗುತ್ತದೆ. ಮನೆಯ ವೈರಿಂಗಿನಲ್ಲಿ ಫ್ಯೂಸ್ ಇರುವಂತೆ ಈ ಸಾಲಿನಲ್ಲಿ ಒಂದು ಭಾಗವನ್ನು ಬೇಕೆಂದೇ ಸೋಲಲು ಬಿಡಬೇಕು. ಅದಕ್ಕೆ ಯೋಗ್ಯವಾದದ್ದು ಸ್ಪರ್ ಗೇರು. ಗೇರ್‌ಬಾಕ್ಸಿನ ಹೊರಗಡೆ ಕಣ್ಣಿಗೆ ಕಾಣುವಂತಿರುವ ದೊಡ್ಡ ಪ್ಲಾಸ್ಟಿಕ್ ಗೇರು ಅದು. ಬೆಲೆ ಕಡಿಮೆ, ಬಿಚ್ಚಲು ನಾಲ್ಕೈದು ನಿಮಿಷ ಸಾಕು. ಉಕ್ಕಿನ ಸ್ಪರ್ ಗೇರು ಅಂಗಡಿಯಲ್ಲಿ ಸಿಗುತ್ತದೆ, ಬಹಳ ಜನ ಆಸೆಪಟ್ಟು ಹಾಕಿಸುತ್ತಾರೆ. ನಾನು ಹಾಕಿಸುವುದಿಲ್ಲ. ಸ್ಪರ್ ಗೇರಿಗೆ ಅಂಟಿಕೊಂಡಂತೆ ಸ್ಲಿಪ್ಪರ್ ಕ್ಲಚ್ ಇರುತ್ತದೆ. ಏಟು ಮಿತಿ ಮೀರಿದಾಗ ಅದು ಒಂದಿಷ್ಟು ಜಾರಿ ಹಲ್ಲುಗಳನ್ನು ಉಳಿಸಿಕೊಡುತ್ತದೆ. ಅದರ ನಟ್ಟನ್ನು ಕೊನೆಯವರೆಗೂ ಬಿಗಿದಿಟ್ಟರೆ ಸ್ಲಿಪ್ಪರ್ ಇದ್ದೂ ಇಲ್ಲದಂತೆ.

ಸ್ಪರ್ ಗೇರಿಗೆ ಎದುರಾಗಿ ಇಂಜಿನ್ ಕಡೆ ಇರುವುದು ಕ್ಲಚ್ ಬೆಲ್. ಇಂಜಿನ್ ವೇಗ ಏರಿದಾಗ ಒಳಗಿನ ಶೂಗಳು ಸ್ಪ್ರಿಂಗನ್ನು ಮೀರಿ ಹೊರಗೆ ಚಾಚಿ ಈ ಬೆಲ್ಲನ್ನು ಹಿಡಿದು ತಿರುಗಿಸುತ್ತವೆ. ಮೊಪೆಡ್ಡಿನಲ್ಲಿ ಇರುವುದೂ ಇದೇ ತತ್ತ್ವ. ಬೆಲ್ ಒಳಗಿನ ಎರಡು ಪುಟ್ಟ ಬೇರಿಂಗುಗಳು ಇಡೀ ಗಾಡಿಯಲ್ಲಿ ಹೆಚ್ಚು ಬಿಸಿ, ಹೆಚ್ಚು ಧೂಳು ತಿನ್ನುವ ಭಾಗ. ಅವನ್ನು ಆಗಾಗ ಬದಲಿಸುವುದು ಖರ್ಚಲ್ಲ, ವಿಮೆ. ಬೆಲ್ಲಿಗೂ ಸ್ಪರ್ ಗೇರಿಗೂ ಎಷ್ಟು ಸಂದು ಬಿಡಬೇಕು ಅಂತ ತಿಳಿಯಲು ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಸಾಕು. ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಟ್ಟು, ಇಂಜಿನ್ನನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಆಮೇಲೆ ಗೇರು ತಿರುಗಿಸಿದರೆ ಕಾಗದ ಹರಿಯದೆ ಅಂಕುಡೊಂಕಾಗಿ ಮಡಿಚಿಕೊಂಡು ಹೊರಬರಬೇಕು. ಹರಿದು ಬಂದರೆ ಬಿಗಿ ಹೆಚ್ಚಾಯಿತು, ಮಡಿಕೆ ಮಸುಕಾಗಿದ್ದರೆ ಸಡಿಲ ಹೆಚ್ಚಾಯಿತು.

ಹಲ್ಲುಗಳ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಲಚ್ ಬೆಲ್ಲಿಗೆ 22 ಹಲ್ಲು, ಸ್ಪರ್ ಗೇರಿಗೆ 66 ಹಲ್ಲು ಇದ್ದರೆ ಅನುಪಾತ 3. ಬೆಲ್ಲಿಗೆ ಒಂದು ಹಲ್ಲು ಹೆಚ್ಚಿಸಿ 23 ಮಾಡಿದರೆ ಅನುಪಾತ 2.87ಕ್ಕೆ ಇಳಿಯುತ್ತದೆ. ಸ್ಪರ್ ಗೇರಿನಲ್ಲಿ ಇದೇ ಬದಲಾವಣೆ ತರಬೇಕಾದರೆ ಮೂರು ಹಲ್ಲು ಕಡಿಮೆ ಮಾಡಬೇಕು. ಅನುಪಾತ ಇಳಿದರೆ ಗರಿಷ್ಠ ವೇಗ ಏರುತ್ತದೆ, ಪಿಕಪ್ಪು ಇಳಿಯುತ್ತದೆ, ಇಂಜಿನ್ನಿಗೆ ಹೊರೆ ಹೆಚ್ಚಿ ಬಿಸಿಯೂ ಏರುತ್ತದೆ. ಗಾಡಿಗೆ ವೇಗ ಸಾಲದು ಅನ್ನುವವರು ಮೊದಲು ಮಾಡಬೇಕಾದ ಪ್ರಯೋಗ ಇದು. ಹೊಸ ಇಂಜಿನ್ನಿನ ಬೆಲೆಯ ಒಂದು ಚೂರಿನಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಆದಮೇಲೆ ಇಂಜಿನ್ನಿಗೆ ಬರುವ ಹಕ್ಕು ನಮಗೆ ಬಂತು.

ಇದು ಟು-ಸ್ಟ್ರೋಕ್ ಇಂಜಿನ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಇದರ ಸ್ವಭಾವ ಗೊತ್ತು. ಇಂಧನಕ್ಕೇ ಎಣ್ಣೆ ಬೆರೆಸಬೇಕು, ಸೈಲೆನ್ಸರಿನಿಂದ ಹೊಗೆ ಬರಬೇಕು. ಯೆಜ್ಡಿ ಸುಮಾರು 250 ಸಿಸಿ, ಇದು ಅದರ ನೂರರಲ್ಲೊಂದು ಪಾಲು. ಆದರೆ 30,000 ಸುತ್ತು ಅಂದರೆ ಸೆಕೆಂಡಿಗೆ 500 ಸಲ ಸ್ಫೋಟ. ಅಷ್ಟು ಬೇಗ ಕಿಡಿ ಕೊಡುವ ಮ್ಯಾಗ್ನೆಟೊ, ಕಾಯಿಲು ಇದರಲ್ಲಿಲ್ಲ. ಇರುವುದು ಗ್ಲೋ ಪ್ಲಗ್. ಅಮೆರಿಕದ ರೇ ಆರ್ಡನ್ 1947ರಲ್ಲಿ ಮಾರುಕಟ್ಟೆಗೆ ತಂದ ಉಪಾಯ ಅದು. ಪ್ಲಗ್ಗಿನೊಳಗೆ ಪ್ಲಾಟಿನಂ ಮಿಶ್ರಲೋಹದ ತಂತಿಸುರುಳಿ. ಶುರುವಿನಲ್ಲಿ ಒಂದೂವರೆ ವೋಲ್ಟಿನಿಂದ ಅದನ್ನು ಕೆಂಪಗೆ ಕಾಯಿಸಿದರೆ ಸಾಕು. ಆಮೇಲೆ ಸ್ಫೋಟದ ಬಿಸಿ, ಒತ್ತಡ, ಮೆಥನಾಲು ಪ್ಲಾಟಿನಂ ಮೇಲೆ ನಡೆಸುವ ರಾಸಾಯನಿಕ ಕ್ರಿಯೆ ಮೂರೂ ಸೇರಿ ಬ್ಯಾಟರಿ ತೆಗೆದಮೇಲೂ ಅದನ್ನು ಕೆಂಪಗೇ ಇಡುತ್ತವೆ.

ಇಂಧನದಲ್ಲಿ ಪೆಟ್ರೋಲಿನ ಹನಿಯೂ ಇಲ್ಲ. ಬಹುಪಾಲು ಮೆಥನಾಲು, ಅದರ ಜತೆ ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ, ಮತ್ತೆ ನೈಟ್ರೋಮೀಥೇನ್ ಸಾಮಾನ್ಯವಾಗಿ ಶೇಕಡಾ 10ರಿಂದ 30ರವರೆಗೆ. ನೈಟ್ರೋಮೀಥೇನಿನ ಗುಟ್ಟು ಏನು? ಕೆಜಿಗೆ ಕೆಜಿ ಹೋಲಿಸಿದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಕಾಲು ಭಾಗದಷ್ಟೇ. ಆದರೆ ಒಂದು ಕೆಜಿ ಪೆಟ್ರೋಲು ಉರಿಯಲು 14.7 ಕೆಜಿ ಗಾಳಿ ಬೇಕು, ನೈಟ್ರೋಮೀಥೇನಿಗೆ 1.7 ಕೆಜಿ ಸಾಕು. ಆಮ್ಲಜನಕವನ್ನು ಅದು ತನ್ನ ಅಣುವಿನಲ್ಲೇ ಕಟ್ಟಿಕೊಂಡು ಬರುತ್ತದೆ. ಇಂಜಿನ್ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ ಅದರಲ್ಲಿ ಎಂಟು ಒಂಬತ್ತು ಪಾಲು ಹೆಚ್ಚು ಇಂಧನ ಉರಿಸಬಹುದು. ಲೆಕ್ಕ ಹಾಕಿದರೆ ಅಷ್ಟೇ ಗಾಳಿಗೆ ಪೆಟ್ರೋಲಿನ ಸುಮಾರು 2.3 ಪಾಲು ಶಕ್ತಿ.

ದೊಡ್ಡ ಇಂಜಿನ್ ಆರಿಸುವಾಗ ಎರಡು ದಾರಿ. ಹಳೆಯದರ ಜಾಗದಲ್ಲೇ ಕೂರುವಂಥದ್ದು ಒಂದು. 1936ರಲ್ಲಿ ಜಪಾನಿನ ಒಸಾಕಾದಲ್ಲಿ ಶುರುವಾದ ಓ.ಎಸ್. ಕಂಪನಿ ಟಿ-ಮ್ಯಾಕ್ಸ್‌ಗೆಂದೇ 3 ಸಿಸಿ ಇಂಜಿನ್ ತಂದಿತ್ತು. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರೆ ಕೆಲಸ ಬಹುಪಾಲು ಮುಗಿಯಿತು. ಇನ್ನೊಂದು 3.5 ಸಿಸಿಯ ದಾರಿ. ಗಾತ್ರ ಶೇಕಡಾ 40 ಹೆಚ್ಚು, ತಲೆನೋವು ಅದಕ್ಕಿಂತ ಹೆಚ್ಚು. ಬ್ಲಾಕ್ ಅಗಲವಾದ್ದರಿಂದ ಮೌಂಟ್ ಬದಲಿಸಬೇಕು. ಕ್ರ್ಯಾಂಕ್ ಶಾಫ್ಟಿನ ಉದ್ದ ಬೇರೆಯಾದರೆ ಫ್ಲೈವೀಲು, ಕ್ಲಚ್ಚು, ಬೆಲ್ಲು ಹೊಂದಿಸಬೇಕು. ಹೊಗೆ ಹಿಂದಿನಿಂದ ಬರುತ್ತದೋ ಪಕ್ಕದಿಂದಲೋ ನೋಡಿ ಪೈಪು ತರಬೇಕು. ಕುಡಿಯುವುದೂ ಜಾಸ್ತಿ, ಹಳೆಯ ಟ್ಯಾಂಕು ಸಾಲದು. ವೇಗ ಹೆಚ್ಚಿದಮೇಲೆ ನಿಲ್ಲಿಸಲು ಬ್ರೇಕು, ತಿರುಗಿಸಲು ಗಟ್ಟಿ ಸರ್ವೋ ಬೇಕೇ ಬೇಕು. ಬಿಲ್ಲು ಬರೆಯುವಾಗ ಇಂಜಿನ್ನಿನ ಬೆಲೆಯೊಂದನ್ನೇ ಬರೆದುಕೊಳ್ಳಬೇಡಿ.

ಪೈಪಿನ ವಿಷಯ ಒಂದು ಮಾತು. ಈ ಸೈಲೆನ್ಸರು ಸದ್ದು ಅಡಗಿಸಲಷ್ಟೇ ಇರುವುದಲ್ಲ. ಸುಟ್ಟ ಅನಿಲ ಹೊರಬೀಳುವಾಗ ಒಂದು ಒತ್ತಡದ ಅಲೆ ಏಳುತ್ತದೆ. ಪೈಪು ಅಗಲವಾಗುವಲ್ಲಿ ಅದು ಸೆಳೆತವಾಗಿ ಹಿಂದಿರುಗಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪು ಕಿರಿದಾಗುವಲ್ಲಿ ತಳ್ಳಿನ ಅಲೆಯಾಗಿ ಹಿಂದಿರುಗಿ, ಹೊರಗೆ ಸೋರಿಹೋಗುತ್ತಿದ್ದ ಹೊಸ ಇಂಧನವನ್ನು ಸಿಲಿಂಡರಿಗೆ ವಾಪಸು ಒತ್ತುತ್ತದೆ. ಇದು ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ ತಾಳಕ್ಕೆ ಸರಿಹೊಂದುತ್ತದೆ. ಹಾಗಾಗಿ ನೋಡಲು ಚೆಂದವಿರುವ ಪೈಪನ್ನು ಬಿಟ್ಟು ಇಂಜಿನ್ನಿಗೆ ಹೇಳಿಮಾಡಿಸಿದ ಪೈಪನ್ನೇ ಹಾಕಿ.

ಹೊಸ ಇಂಜಿನ್ ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲ್ತುದಿಗೆ ಬಂದಾಗ ಸಿಕ್ಕಿಕೊಂಡಂತೆ ಬಿಗಿಯಾಗುತ್ತದೆ. ಹೆದರಬೇಡಿ, ಅದು ಗುಣವೇ. ಪಿಸ್ಟನ್ನಿಗೆ ರಿಂಗ್ ಇಲ್ಲ. ಕ್ರೋಮ್ ಹಚ್ಚಿದ ಹಿತ್ತಾಳೆಯ ಸ್ಲೀವು ಮೇಲ್ತುದಿಯಲ್ಲಿ ಸ್ವಲ್ಪ ಕಿರಿದಾಗಿರುತ್ತದೆ, ಬಿಸಿಯಾದಾಗ ಹಿಗ್ಗಿ ಸರಿಹೋಗುತ್ತದೆ. ಆ ಬಿಗಿಯೇ ಕಂಪ್ರೆಷನ್ನಿನ ಮೂಲ. ಮೊದಲ ನಾಲ್ಕೈದು ಟ್ಯಾಂಕು ಇಂಧನ ಧಾರಾಳ ಕೊಟ್ಟು, ಹೊಗೆ ದಟ್ಟವಾಗಿ ಬರುವಂತೆ, ನಿಧಾನ ಓಡಿಸಬೇಕು. ಒಂದೊಂದು ಟ್ಯಾಂಕಿನ ನಡುವೆ ಪಿಸ್ಟನ್ನನ್ನು ಕೆಳತುದಿಯಲ್ಲಿ ನಿಲ್ಲಿಸಿ ಪೂರ್ತಿ ತಣಿಯಲು ಬಿಡಬೇಕು. ಮೇಲ್ತುದಿಯಲ್ಲಿ ಬಿಟ್ಟರೆ ಸ್ಲೀವು ಪಿಸ್ಟನ್ ಸುತ್ತ ಕುಗ್ಗಿ ಆ ಬಿಗಿ ಹಾಳಾಗುತ್ತದೆ.

ಇನ್ನು ಟ್ಯೂನಿಂಗು. ಕಾರ್ಬುರೇಟರಿನಲ್ಲಿ ಹೆಚ್ಚು ವೇಗಕ್ಕೊಂದು ಸೂಜಿ, ಕಡಿಮೆ ವೇಗಕ್ಕೊಂದು ಸೂಜಿ. ಬಿಗಿದರೆ ಇಂಧನ ಕಡಿಮೆ, ಸಡಿಲಿಸಿದರೆ ಹೆಚ್ಚು. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು ಅಂತ ಅರ್ಥ, ಯಾಕೆಂದರೆ ಎಣ್ಣೆ ಬರುವುದು ಅದರ ಜತೆಗೇ. ಬಿಗಿಯುತ್ತ ಹೋದಂತೆ ಗಾಡಿ ಚಿಗರೆಯಾಗುತ್ತದೆ, ಒಂದು ಹಂತ ದಾಟಿದರೆ ಅದೇ ಗಾಡಿ ಸೀಜ್ ಆಗಿ ನಿಲ್ಲುತ್ತದೆ. ತಲೆಯ ಬಿಸಿ 105ರಿಂದ 125 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ಥರ್ಮಾಮೀಟರು ಇಲ್ಲದಿದ್ದರೆ ಸಿಲಿಂಡರ್ ತಲೆಯ ಮೇಲೆ ಒಂದು ಹನಿ ನೀರು ಬಿಡಿ. ಮೂರು ಸೆಕೆಂಡಿನ ಹೊತ್ತಿಗೆ ಸುಯ್ಯೆಂದು ಆರಿದರೆ ಸರಿ. ಬಿದ್ದ ತಕ್ಷಣ ಚಟ್ ಅಂತ ಹಾರಿದರೆ ಸೂಜಿಯನ್ನು ಎಂಟನೇ ಒಂದು ಸುತ್ತು ಸಡಿಲಿಸಿ. ಒಮ್ಮೆಗೆ ಅದಕ್ಕಿಂತ ಹೆಚ್ಚು ತಿರುಗಿಸಬೇಡಿ. ಓಡುವಾಗ ಹಿಂದೆ ತೆಳ್ಳನೆಯ ಹೊಗೆಯ ಗೆರೆ ಸದಾ ಕಾಣುತ್ತಿರಲಿ.

ನಮ್ಮ ರಾಜ್ಯದವರು ನೆನಪಿಡಬೇಕಾದ ವಿಷಯ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಗಾಡಿ ಇಲ್ಲಿಗೆ ಬಂದರೆ ಗಾಳಿ ಸಾಲದೆ ಹೊಗೆ ಕಾರುತ್ತ ಕುಂಟುತ್ತದೆ, ಕೆಡುವುದಿಲ್ಲ. ಅಪಾಯ ಇರುವುದು ತಿರುಗಿ ಹೋಗುವಾಗ. ಬೆಂಗಳೂರಿನಲ್ಲಿ ಸೂಜಿ ಬಿಗಿದ ಗಾಡಿಯನ್ನು ರಜೆಯಲ್ಲಿ ಮಲ್ಪೆಗೆ ಒಯ್ದು ಹಾಗೇ ಓಡಿಸಿದರೆ ಗಾಳಿ ಹೆಚ್ಚಿ ಇಂಧನ ಸಾಲದೆ ಇಂಜಿನ್ ಕಾದು ಕೆಡುತ್ತದೆ. ಘಟ್ಟ ಇಳಿದವರು ಸೂಜಿಯನ್ನೂ ಸಡಿಲಿಸಬೇಕು. ಡಿಸೆಂಬರಿನ ಬೆಳಗಿನ ಚಳಿಗೂ ಇದೇ ಮಾತು, ತಣ್ಣನೆಯ ಗಾಳಿ ಒತ್ತಾಗಿರುತ್ತದೆ. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಾಕದೆ ಧೂಳಿನಲ್ಲಿ ಒಂದು ಟ್ಯಾಂಕೂ ಓಡಿಸಬೇಡಿ.

ಮೆಥನಾಲಿನ ಬಗ್ಗೆ ಎಚ್ಚರ ಇರಲಿ. ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು ಕಳೆಯುವ, ಜೀವ ತೆಗೆಯುವ ವಸ್ತು ಇದೇ. ಚರ್ಮದಿಂದಲೂ ಮೈಗೆ ಇಳಿಯುತ್ತದೆ. ಇದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಮನೆಯೊಳಗೆ ಇಂಜಿನ್ ಚಾಲೂ ಮಾಡಬೇಡಿ. ಗಾಳಿಯ ತೇವವನ್ನು ಇದು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಬಿಗಿಯಾಗಿರಬೇಕು. ಆಟ ಮುಗಿದಮೇಲೆ ಟ್ಯಾಂಕು ಖಾಲಿ ಮಾಡಿ, ಉಳಿದ ಇಂಧನ ಪೂರ್ತಿ ಉರಿಸಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ತಿರುಗಿಸಿಡಿ. ಇಲ್ಲವಾದರೆ ಬೇರಿಂಗು ತುಕ್ಕು ಹಿಡಿಯುತ್ತದೆ.

ಕೊನೆಯದಾಗಿ ರೇಡಿಯೋ ಅಲೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ದೋಣಿಯನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ. ಈ ಕಲೆ ಅಷ್ಟು ಹಳೆಯದು. ಹಳೆಯ ಟಿ-ಮ್ಯಾಕ್ಸ್‌ಗಳು 27 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದವು, ಪಕ್ಕದವನದೂ ಅದೇ ಅಲೆಯಾದರೆ ಗಾಡಿ ಅವನ ಮಾತು ಕೇಳಿಬಿಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರಿಮೋಟಿನಲ್ಲಿ ಆ ತೊಂದರೆ ಇಲ್ಲ. ಆದರೂ ಬ್ಯಾಟರಿ ಸತ್ತರೆ ಐದು ಕೆಜಿಯ ಗಾಡಿ 50 ಕಿಲೋಮೀಟರ್ ವೇಗದಲ್ಲಿ ಹೇಳುವವರಿಲ್ಲದೆ ಓಡುತ್ತದೆ. ಸಂಕೇತ ತಪ್ಪಿದ ಕೂಡಲೇ ಬ್ರೇಕ್ ಹಾಕುವ ಫೇಲ್‌ಸೇಫ್, ಥ್ರಾಟಲನ್ನು ಹಿಂದೆಳೆಯುವ ಒಂದು ಸ್ಪ್ರಿಂಗು, ಎರಡೂ ಇಲ್ಲದೆ ದೊಡ್ಡ ಇಂಜಿನ್ ಹಾಕಬೇಡಿ. ಜನರ ಕಾಲಿನ ಮಟ್ಟದಲ್ಲಿ ಓಡುವ ವಸ್ತು ಇದು.

ಬ್ಯಾಟರಿ ಮತ್ತು ಬ್ರಷ್‌ಲೆಸ್ ಮೋಟಾರಿನ ಗಾಡಿಗಳು ಈಗ ನೈಟ್ರೋವನ್ನು ಹಿಂದೆ ಹಾಕಿವೆ. ಟ್ರಾಕ್ಸಸ್ ಕಂಪನಿ 2019ರಲ್ಲಿ ಮ್ಯಾಕ್ಸ್ ಹೆಸರಿನ ಹೊಸ ಗಾಡಿ ತಂದಾಗ ಅದು ವಿದ್ಯುತ್ತಿನದೇ ಆಗಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಸೂಜಿಯ ಗೊಡವೆಯಿಲ್ಲ. ಆದರೆ ನಾನು ಹೇಳಿದ ಕ್ರಮ ಅಲ್ಲೂ ಬದಲಾಗುವುದಿಲ್ಲ. ಬ್ರಷ್‌ಲೆಸ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚು ಕೊಡುವುದರಿಂದ ಶಾಫ್ಟು, ಡಿಫರೆನ್ಷಿಯಲ್ಲುಗಳ ಪಾಡು ಇನ್ನೂ ಕಠಿಣ.

ಆದ್ದರಿಂದ ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಬೇರಿಂಗು, ಆಮೇಲೆ ಅಚ್ಚಿನ ಶಾಫ್ಟು, ಆಮೇಲೆ ಡಿಫರೆನ್ಷಿಯಲ್ಲಿನ ಶಿಮ್ಮು, ಆಮೇಲೆ ಗೇರ್‌ಬಾಕ್ಸು, ಆಮೇಲೆ ಕ್ಲಚ್ ಬೆಲ್ಲಿನ ಹಲ್ಲು. ಇಲ್ಲಿಗೆ ನಿಂತು ಹಳೆಯ ಇಂಜಿನ್ನನ್ನೇ ಚೆನ್ನಾಗಿ ಟ್ಯೂನ್ ಮಾಡಿ ಒಂದು ತಿಂಗಳು ಓಡಿಸಿ ನೋಡಿ. ಇಂಜಿನ್ ಸೋಮಾರಿ ಎಂದು ನಾವು ಬೈಯುವಾಗ ಬಹಳ ಸಲ ಅದರ ಶಕ್ತಿ ಕೆಟ್ಟ ಬೇರಿಂಗಿನಲ್ಲಿ, ಸವೆದ ಹಲ್ಲಿನಲ್ಲಿ, ಜಾರುವ ಕ್ಲಚ್ಚಿನಲ್ಲಿ ದಾರಿಯಲ್ಲೇ ಖರ್ಚಾಗುತ್ತಿರುತ್ತದೆ. ಅದೆಲ್ಲ ಸರಿಯಾದಮೇಲೂ ಸಾಲದು ಅನ್ನಿಸಿದರೆ ದೊಡ್ಡ ಇಂಜಿನ್ ಕೊಳ್ಳಿ. ಅಷ್ಟು ಹೊತ್ತಿಗೆ ಅದನ್ನು ತಾಳಿಕೊಳ್ಳುವ ಗಾಡಿಯೂ, ಅದರ ಸದ್ದು ಕೇಳಿಯೇ ಸೂಜಿ ಎಷ್ಟು ತಿರುಗಿಸಬೇಕೆಂದು ಹೇಳಬಲ್ಲ ಕಿವಿಯೂ ನಿಮ್ಮಲ್ಲಿ ತಯಾರಾಗಿರುತ್ತವೆ.